ಸೀಳಿದ ಕೀಸುಳಿಗಳು

ಹೊಲಿಗೆಯವಳಿಗೆ ಹಳೆ ಬಡಗಿ ಸಾಮಾನಿನ ಹುಚ್ಚು ಹಿಡಿದದ್ದು ಒಂದು ಹಠಮಾರಿ ಡ್ರಾಯರಿನಿಂದ. ಮಳೆ ಹಿಡಿದರೆ ಸಾಕು, ಹೊಲಿಗೆ ಮೇಜಿನ ಆ ಡ್ರಾಯರ್ ಉಬ್ಬಿ ಕೂತುಬಿಡುತ್ತಿತ್ತು. ಎಳೆದರೆ ಬರದು, ದಬ್ಬಿದರೆ ಹೋಗದು. ಗುಜರಿ ಅಂಗಡಿಯ ಮೂಲೆಯಲ್ಲಿ ಮರದ ಕೀಸುಳಿಯೊಂದನ್ನು ಕಂಡಾಗ, ಅಂಚು ಹೆರೆಯುವುದಕ್ಕಾದೀತು ಎಂದು ತಂದಳು. ಕತ್ತರಿಗೆ ಸಾಣೆ ಕೊಟ್ಟು ಪಳಗಿದ ಕೈ; ತುಕ್ಕು ಹಿಡಿದ ಅಲಗನ್ನೂ ಅದೇ ಕಲ್ಲಿಗೆ ತಿಕ್ಕಿದಳು. ಡ್ರಾಯರಿನ ಮೇಲೆ ಒಮ್ಮೆ ನೂಕಿದ್ದೇ ತಡ, ಸುರ್ ಅಂತ ರಿಬ್ಬನ್ನಿನಂಥ ಸುರುಳಿ ಎದ್ದುಬಂತು. ಬೆಳಕಿಗೆ ಹಿಡಿದರೆ ಆಚೆಗಿನದೆಲ್ಲ ಕಾಣುವಷ್ಟು ತೆಳು. ಡ್ರಾಯರ್ ಸರಿಹೋಯಿತು, ಹೊಲಿಗೆಯವಳು ಕೆಟ್ಟಳು.

ಮೊದಮೊದಲು ಮೋಸಹೋದದ್ದೇ ಹೆಚ್ಚು. ಬಣ್ಣ ಬಳಿದು ಬಿರುಕು ಮುಚ್ಚಿದ್ದನ್ನು ಎತ್ತಿಕೊಂಡು ಬಂದಳು. ಒಂದು ಒಳ್ಳೆಯ ಉಳಿಯನ್ನು ಮರಳುಕಾಗದದಲ್ಲಿ ಫಳಫಳ ಉಜ್ಜಿ, ಅದರ ಮೇಲಿದ್ದ ಕಮ್ಮಾರನ ಮುದ್ರೆಯನ್ನೇ ಅಳಿಸಿಹಾಕಿ, ಆಮೇಲೆ ತಲೆ ಚಚ್ಚಿಕೊಂಡಳು. ಹೀಗೆ ಕೈ ಸುಟ್ಟುಕೊಂಡೇ ಕಲಿತದ್ದು. ಅಲಗನ್ನು ಹೊರತೆಗೆದು ನೋಡಬೇಕು, ಅದನ್ನು ಬಿಗಿಹಿಡಿಯುವ ಬೆಣೆ ಮೂಲದ್ದೋ ಆಮೇಲೆ ಸೇರಿಸಿದ್ದೋ ತಿಳಿಯಬೇಕು, ಕೈ ತಾಗಿ ತಾಗಿ ಕಪ್ಪಾದ ಮೈಯನ್ನು ತೊಳೆಯಬಾರದು. ಎಲ್ಲಕ್ಕಿಂತ ಅವಳಿಗೆ ಪ್ರಿಯವಾದದ್ದು ಕೀಸುಳಿಯ ಮೂತಿಯ ಮೇಲಿನ ಹೆಸರು. ಹಿಂದಿನ ಬಡಗಿಗಳು ತಮ್ಮ ಹೆಸರಿನ ಅಚ್ಚು ಮಾಡಿಸಿ ಅಲ್ಲಿ ಒತ್ತುತ್ತಿದ್ದರು. ಕೆಲವದರ ಮೇಲೆ ಒಬ್ಬನ ಕೆಳಗೆ ಇನ್ನೊಬ್ಬನ ಹೆಸರು, ಅಪ್ಪನದೋ, ಗುರುವಿನದೋ.

"ಮನೇಲಿ ತುಂಡು ಮರ ಇಲ್ಲ, ಕೀಸುಳಿ ಮಾತ್ರ ರಾಶಿ ಬಿದ್ದಿದೆ. ನಾಳೆ ನನ್ನನ್ನೇ ಹೆರೀತೀಯೇನೇ?" ಎಂದು ಬಸ್ಸು ಓಡಿಸುವ ಗಂಡ ರೇಗಿಸುತ್ತಿದ್ದ.

ಹೀಗಿರುವಾಗ ತಂಗಿಯ ಗಂಡ ಮನೆಗೆ ಬಂದ. ಹೋಟೆಲುಗಳ ಒಳಗನ್ನು ಅಂದಗಾಣಿಸಿಕೊಡುವುದು ಅವನ ಕಸುಬು. ಅವನ ಹೋಟೆಲುಗಳಿಗೆಲ್ಲ ಪರದೆ ಹೊಲಿಯುತ್ತಿದ್ದವಳು ಇವಳೇ.

"ಅಕ್ಕಾ, ಮುಚ್ಚಿಹೋದ ಕುರ್ಚಿ ಕಾರ್ಖಾನೆಯೊಂದರ ಹಳೆ ಬಡಗಿ ಸಾಮಾನೆಲ್ಲ ತಗೊಂಡಿದೀನಿ. ಯಾವುದು ಒಳ್ಳೇದು, ಯಾವುದು ಕೆಟ್ಟದ್ದು, ನೀವೇ ಬಂದು ನೋಡಿ ಹೇಳ್ಬೇಕು."

ತನ್ನನ್ನೂ ಬಲ್ಲವಳೆಂದು ಒಬ್ಬರು ಕರೆದರಲ್ಲ! ಹೊಲಿಗೆಯವಳು ಹಿಗ್ಗಿಹೋದಳು. ಅವನ ಶೆಡ್ಡಿನಲ್ಲಿ ಇಡೀ ದಿನ ಕೂತು ಒಂದೊಂದನ್ನೂ ತಿರುಗಿಸಿ, ಮೂಸಿ, ಬೆರಳಾಡಿಸಿ ನೋಡಿದಳು. ಬಿರುಕು ಬಿಟ್ಟದ್ದು, ಹುಳ ತಿಂದದ್ದು ಒಂದು ಕಡೆ. ಬಾಗಿಲ ಚೌಕಟ್ಟಿಗೆ ಬಳುಕು ಅಂಚು ಕೊರೆಯುವಂಥ ಅಪರೂಪದವು ಇನ್ನೊಂದು ಕಡೆ. ಒಳ್ಳೆಯವಕ್ಕೆಲ್ಲ ಕೆಂಪು ಬಟ್ಟೆಯ ಚೂರು ಕಟ್ಟಿದಳು.

"ಕೆಂಪು ಕಟ್ಟಿದ್ದನ್ನ ಮುಟ್ಟಬೇಡಪ್ಪ. ಸೊಲ್ಪ ಸಾಣೆ ಕೊಟ್ರೆ ಇವತ್ತೂ ಕೆಲ್ಸ ಮಾಡ್ತಾವೆ. ಬೆಲೆ ಗೊತ್ತಿರೋರ ಕೈಗೇ ಹೋಗ್ಲಿ."

"ನೀವು ಹೇಳಿದ ಹಾಗೇ ಅಕ್ಕ."

ಅವನು ಅಂದಗಾಣಿಸಿದ ಹೊಸ ಹೋಟೆಲು ತೆರೆದ ಸಂಜೆ ಮನೆಮಂದಿಯೆಲ್ಲ ಹೋದರು. ಬಾಗಿಲು ದಾಟಿದ್ದೇ ಹೊಲಿಗೆಯವಳ ಕಣ್ಣು ಗೋಡೆಗೆ ಹೋಯಿತು. ಉದ್ದಕ್ಕೂ ಕೀಸುಳಿಗಳು, ಎಲ್ಲವಕ್ಕೂ ಕನ್ನಡಿಯಂತೆ ಹೊಳೆಯುವ ವಾರ್ನಿಷ್. ಅಷ್ಟನ್ನು ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳು. ಹತ್ತಿರ ಹೋಗಿ ಒಂದರ ಪಕ್ಕಕ್ಕೆ ಬೆರಳು ಇಟ್ಟಳು. ಮೈ ಅರ್ಧವೇ ಇತ್ತು. ಗೋಡೆಗೆ ಚಪ್ಪಟೆಯಾಗಿ ಕೂರಲೆಂದು ಉದ್ದುದ್ದ ಕೊಯ್ದು ಅಂಟಿಸಿದ್ದರು! ಮೂತಿಯ ಮೇಲಿನ ಹೆಸರೂ ಸೀಳಿಹೋಗಿತ್ತು. ಅರ್ಧ ಅಕ್ಷರಗಳು ಗೋಡೆಯ ಈ ತುದಿಯಲ್ಲಿ, ಮಿಕ್ಕರ್ಧ ಆ ತುದಿಯಲ್ಲಿ. ನೋಡಿದಷ್ಟೂ ಎಲ್ಲವೂ ಅವಳೇ ಕೆಂಪು ಬಟ್ಟೆ ಕಟ್ಟಿದವು.

"ಏನಿದು?" ಅವಳ ದನಿಗೆ ಪಕ್ಕದ ಮೇಜಿನವರು ಚಮಚ ಕೆಳಗಿಟ್ಟರು.

ತಂಗಿಯ ಗಂಡ ನಗುತ್ತಲೇ ಬಂದ. "ಚೆನ್ನಾಗಿದೆ ಅಲ್ವಾ ಅಕ್ಕ? ನೀವು ಆರಿಸಿಕೊಟ್ಟಿದ್ದಕ್ಕೇ ಇಷ್ಟು ಕಳೆ ಬಂದಿದ್ದು. ಒಂದನ್ನ ಕೊಯ್ದ್ರೆ ಎರಡಾಯ್ತು ನೋಡಿ!"

"ಮುಟ್ಟಬೇಡ ಅಂದಿದ್ನಲ್ಲೋ! ಹುಳ ತಿಂದಿದ್ದು ಅಷ್ಟೊಂದಿತ್ತು, ಅದನ್ನ ಕೊಯ್ಯೋದಕ್ಕೆ ಏನಾಗಿತ್ತು ನಿನಗೆ ಧಾಡಿ?"

"ಅವು ಚೆನ್ನಾಗಿ ಕಾಣಲ್ಲ ಅಕ್ಕ. ಹಳೇ ಮರದ ತುಂಡು, ಅದಕ್ಕೆ ಇಷ್ಟೊಂದಾ?"

"ಒಬ್ಬೊಬ್ಬನ ಆಯಸ್ಸೇ ಸವೆದಿದೆ ಅದರ ಮೇಲೆ. ಇಷ್ಟು ವರ್ಷ ಒಂದು ಸೀಳು ಬಿಡದೆ ಉಳ್ಕೊಂಡಿದ್ದನ್ನ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆಯಲ್ಲ! ಮೇಲೆ ನನ್ನ ಕೈಲೇ ಗುರುತು ಹಾಕಿಸ್ಕೊಂಡೆ!"

"ಅಕ್ಕಾ, ನಾಲ್ಕು ಜನ ನೋಡ್ತಿದಾರೆ, ಸುಮ್ನಿರೇ," ತಂಗಿ ತೋಳು ಜಗ್ಗಿದಳು.

"ನೋಡ್ಲಿ. ಗೋಡೇನೂ ನೋಡ್ಲಿ."

ಒಂದು ಗುಟುಕು ನೀರೂ ಮುಟ್ಟದೆ ಅವಳು ಹೊರಟುಬಂದಳು. ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು. ಅವನ ಮೇಲಿನ ಸಿಟ್ಟು ಒಂದು ಪಾಲಾದರೆ, ಬಲ್ಲವಳೆಂದು ಬೀಗಿಕೊಂಡು ಹೋದ ತನ್ನ ಮೇಲಿನದು ಎರಡು ಪಾಲು. ಕೆಂಪು ಕಟ್ಟಿದ ಕೀಸುಳಿಗಳದ್ದು ಶೆಡ್ಡಿನಲ್ಲಿ ಇನ್ನೂ ಒಂದು ಪೆಟ್ಟಿಗೆ ಉಳಿದಿದೆ, ಎರಡನೇ ಹೋಟೆಲಿಗೆ ಎಂದು ಹೊರಡುವಾಗ ತಂಗಿ ಬಾಯಿಬಿಟ್ಟದ್ದು ತಲೆಯಲ್ಲೇ ಕೊರೆಯುತ್ತಿತ್ತು.

ಬೆಳಿಗ್ಗೆ ಎದ್ದವಳೇ ಎರಡನೇ ಹೋಟೆಲಿಗೆಂದು ಹೊಲಿದಿಟ್ಟ ಪರದೆಗಳ ಗಂಟು ಕಟ್ಟಿ, ಗಂಡನನ್ನು ಹೊರಡಿಸಿಕೊಂಡು ಶೆಡ್ಡಿಗೆ ನಡೆದಳು. ಕೊಯ್ಯುವ ಯಂತ್ರ ಆಗಲೇ ಗುರುಗುಡುತ್ತಿತ್ತು.

"ಸ್ವಿಚ್ ಆರಿಸಪ್ಪ," ಎಂದು ಯಂತ್ರದವನಿಗೆ ಹೇಳಿ ಪೆಟ್ಟಿಗೆಯ ಮೇಲೇ ಕೂತಳು. ಸುದ್ದಿ ಮುಟ್ಟಿ ತಂಗಿಯ ಗಂಡ ಓಡಿಬಂದ.

"ಏನಕ್ಕ ಇದು, ಮಕ್ಕಳಾಟ? ನನ್ನ ದುಡ್ಡು ಕೊಟ್ಟು ತಂದ ಮಾಲು."

"ಹೌದು, ನಿನ್ನದೇ. ಈ ಪರದೆ ನನ್ನದು, ಇನ್ನೂ ನಿನ್ನ ಕೈಗೆ ಬಂದಿಲ್ಲ." ಗಂಟು ಬಿಚ್ಚಿ ಒಂದನ್ನು ಹರವಿ, ಕತ್ತರಿ ಇಟ್ಟು ನಡುವೆ ಚರ್ರನೆ ಸೀಳಿದಳು. "ತಗೋ, ಎರಡಾಯ್ತು. ಮಿಕ್ಕಿದ್ದನ್ನೂ ಮಾಡ್ಲಾ?"

ಅವನ ಮುಖ ಸುಣ್ಣವಾಯಿತು. ಅಂಗಳದಲ್ಲಿ ನಿಂತಿದ್ದ ಗಂಡ ಕೆಮ್ಮಿ ಬೇರೆ ಕಡೆ ನೋಡಿದ. ತನ್ನದೇ ಹೊಲಿಗೆಯನ್ನು ಅವಳು ತಾನೇ ಹರಿದಿದ್ದಳು. ಎಷ್ಟು ಒಳ್ಳೆಯ ಬಟ್ಟೆ! ಆದರೂ ಕತ್ತರಿ ಕೆಳಗಿಡಲಿಲ್ಲ.

"ಬೇಡ ಮಾರಾಯ್ತಿ! ನಿಮಗೇನು ಬೇಕು ಹೇಳಿ."

"ಈ ಪೆಟ್ಟಿಗೆ. ಪರದೆ ಹೊಲಿದ ಕೂಲಿ ಬಿಟ್ಟೆ, ನೀನು ಇದನ್ನ ಬಿಡು."

ಗಂಡನೂ ಯಂತ್ರದವನೂ ಸೇರಿ ಪೆಟ್ಟಿಗೆಯನ್ನು ಆಟೋಗೆ ಏರಿಸಿದರು. ತಂಗಿ ಬಹುಕಾಲ ಮಾತು ಬಿಟ್ಟಳು. ಅಕ್ಕನೂ ತಾನಾಗಿ ಹೋಗಿ ಮಾತಾಡಿಸಲಿಲ್ಲ. ಗೋಡೆಯ ಮೇಲಿನವು ಗೋಡೆಯಲ್ಲೇ ಉಳಿದವು. ಆ ಬೀದಿಯಲ್ಲಿ ಹೋಗಬೇಕಾಗಿ ಬಂದರೆ ಅವಳು ಆಚೆ ಬದಿಗೆ ದಾಟಿಕೊಳ್ಳುತ್ತಾಳೆ.

ಹೋಟೆಲಿನ ಜಗಳದ ಸುದ್ದಿ ಹೇಗೋ ಹಬ್ಬಿ, ಹಳೆ ಸಾಮಾನಿನ ಬೆಲೆ ಕೇಳಿಕೊಂಡು ಜನ ಬರತೊಡಗಿದರು. ಮೊನ್ನೆ ಒಬ್ಬ ಔಷಧಿ ಅಂಗಡಿಯವನು ತಾತನ ಗರಗಸವನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಹಿತ್ತಾಳೆಯ ಬೆನ್ನು, ಅಂಗೈಗೆ ಕೂರುವ ಹಿಡಿ. ನೋಡಿದೊಡನೆ ಅವಳ ಬಾಯಲ್ಲಿ ನೀರೂರಿತು.

"ಇದಕ್ಕೆ ಎಷ್ಟು ಬೆಲೆ ಬರುತ್ತಮ್ಮ?"

"ಬೆಲೆ ಇರ್ಲಿ. ಇದನ್ನ ಏನು ಮಾಡ್ತೀರಿ, ಮೊದ್ಲು ಅದನ್ನ ಹೇಳಿ."

"ದೀಪ ಮಾಡಿಸೋಣ ಅಂತ. ನಡುವೆ ಒಂದು ತೂತು ಕೊರೆದು..."

ಹೊಲಿಗೆಯವಳು ಗರಗಸವನ್ನು ಅದೇ ಬಟ್ಟೆಯಲ್ಲಿ ಸುತ್ತಿ ಅವನ ಕೈಗಿತ್ತಳು. "ನನಗೆ ಇದರ ಬೆಲೆ ಗೊತ್ತಿಲ್ಲ," ಎಂದು ಹೇಳಿ, ಅವನು ಮೆಟ್ಟಿಲಿಳಿಯುವ ಮೊದಲೇ ಹೊಲಿಗೆ ಯಂತ್ರದ ಚಕ್ರವನ್ನು ಜೋರಾಗಿ ತಿರುಗಿಸಿದಳು.