ಮೀನು ತಿನ್ನದವರ ಮನೆಯಲ್ಲಿ ಮೀನಿನ ವಾಸನೆ

ಟಕ್ — ನಿಂತಿತು, ಬಾಲ್ಕನಿಯಲ್ಲಿ ಎಸಿಯ ಕಂಪ್ರೆಸರ್ ನಿಂತಿತು, ಶುರುವಾಗಿ ಮೂರು ನಿಮಿಷವೂ ಆಗಿರಲಿಲ್ಲ, ಈಗ ಎರಡು ನಿಮಿಷ ಸತ್ತಂತೆ ಬಿದ್ದಿದ್ದು ಮತ್ತೆ ಗುಡುಗುತ್ತದೆ, ಗುಡುಗುವಾಗ ಈ ಟ್ಯೂಬ್‌ಲೈಟು ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತದೆ, ನಾನು ಈ ಸೋಫಾದಲ್ಲಿ ಕೂತಾಗಿನಿಂದ ಇದು ನಾಲ್ಕನೇ ಸಲ, ಒಬ್ಬರೂ ಕತ್ತೆತ್ತಿ ನೋಡಿಲ್ಲ, ಎತ್ತಿದ ಕತ್ತೆಲ್ಲ ನನ್ನ ಕಡೆಗೇ, ನನ್ನ ಮೂಗು, ನನ್ನ ಬಣ್ಣ, ನನ್ನ ಮೂವತ್ತೊಂದು ವರ್ಷ, ಕನ್ಯಾ ನೋಡುವುದೆಂದರೆ ಹುಡುಗನ ಕಡೆಯವರು ನಮ್ಮ ಮನೆಗೆ ಬರಬೇಕಿತ್ತು, ಆದರೆ ಈ ಮುಕ್ತಾಬಾಯಿ, ಹುಡುಗನ ತಾಯಿ, ಫೋನಿನಲ್ಲೇ ಅಪ್ಪನಿಗೆ ಹೇಳಿಬಿಟ್ಟಿದ್ದಳು, ನಿಮ್ಮ ತಗಡಿನ ಪತ್ರಾ ಮನ್ಯಾಗ ಈ ಬಿಸಲಾಗ ಎಲ್ಲಿ ಕುಂಡ್ರೂದ್ರಿ ಅಣ್ಣಾರ, ನೀವ ಹಡಪಸರಕ್ಕ ಬರ್ರಿ, ನಮ್ಮಲ್ಲಿ ಎಸಿ ಅದ, ಹುಡುಗೀಗೂ ಸ್ವಲ್ಪ ತಂಪ ಆಗ್ತದ. ತಂಪು! ಗೋಡೆಯ ಮೇಲೆ ಹದಿನೆಂಟು ಅಂತ ಹಸಿರು ಅಂಕಿ ಉರಿಯುತ್ತಿದೆ, ನನ್ನ ರವಿಕೆಯ ಬೆನ್ನು ತೊಯ್ದು ಅಂಟಿಕೊಂಡಿದೆ, ಅಪ್ಪ ಟವಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, ಭಾಳ ತಂಪ ಅದ್ರಿ ನಿಮ್ಮನಿ, ಅನ್ನುತ್ತಿದ್ದಾನೆ, ಅಪ್ಪಾ, ಜಟ್ಟೆಪ್ಪಾ, ಸಿಂದಗಿಯಿಂದ ಬಂದು ಊರವರ ಮನೆಗಳಿಗೆಲ್ಲ ಇಟ್ಟಂಗಿ ಹೊತ್ತವನು ನೀನು, ಈ ಇಟ್ಟಂಗಿಗೂ ಮರ್ಯಾದೆ ಕೊಡುತ್ತೀಯಲ್ಲ. ಒಳಗಿನಿಂದ ಚಹಾ ತಂದವಳು ಹಿರಿಯ ಸೊಸೆ, ಶ್ರದ್ಧಾ ಅಂತ ಹೆಸರು ಹೇಳಿದರು, ಹಿರಿಯ ಮಗ ಸೈಟಿಗೆ ಹೋಗಿದ್ದಾನಂತೆ, ಅವಳು ತಲೆ ಮೇಲೆ ಸೆರಗು, ಬಾಯಿ ಇದೆಯೋ ಇಲ್ಲವೋ, ನನ್ನ ಕೈಗೆ ಕಪ್ಪು ಕೊಡುತ್ತ ಬಗ್ಗಿ ಪಿಸುಗುಟ್ಟಿದಳು, ಇತ್ಲಾಗ ಸರದ ಕುಂಡ್ರಿ — ಯಾಕೆ, ಹಮಾಲನ ಮಗಳು ಪರದೆಯ ಪಕ್ಕದ ಜಾಗದಲ್ಲಿ ಕೂತರೆ ನಿಮ್ಮ ಸೋಫಾ ಸವೆಯುತ್ತದೆಯೋ, ನಾನು ಕಪ್ಪು ತೆಗೆದುಕೊಂಡು ಮುಖ ತಿರುಗಿಸಿದೆ, ಸರಿಯಲಿಲ್ಲ, ಗೊಂಬೆ, ಈ ಮನೆಯ ಗೊಂಬೆ, ನನ್ನನ್ನೂ ಇದೇ ಗೂಡಿಗೆ ಹೊಂದಿಸಲು ಅಳತೆ ತೆಗೆಯುತ್ತಿದ್ದಾರೆ.

ರಾಂಜಣಗಾಂವದ ಎಸಿ ಕಾರ್ಖಾನೆಯಲ್ಲಿ ನಾನು ಎಂಟು ವರ್ಷದಿಂದ ಕೂರುವ ಕೋಣೆಗೆ ಕಿಟಕಿಯಿಲ್ಲ, ಗೋಡೆಗೆಲ್ಲ ದಪ್ಪ ಸ್ಪಂಜು, ಬಾಗಿಲು ಹಾಕಿದರೆ ನನ್ನದೇ ಉಸಿರು ನನಗೆ ದೊಡ್ಡದಾಗಿ ಕೇಳುತ್ತದೆ, ಲೈನಿನಿಂದ ಇಳಿದ ಒಂದೊಂದು ಎಸಿಯೂ ಅಲ್ಲಿಗೆ ಬಂದು ನನ್ನ ಮುಂದೆ ಓಡಬೇಕು, ಕಿವಿಯಿಂದ ಕೇಳುತ್ತೇನೆ, ಅಂಗೈ ಹಿಡಿದು ಗಾಳಿ ನೋಡುತ್ತೇನೆ, ಮೂಗಿನಿಂದ ಮೂಸುತ್ತೇನೆ, ಆಮೇಲೆ ಸ್ಟಿಕ್ಕರು ಅಂಟಿಸುತ್ತೇನೆ ಇಲ್ಲವೇ ವಾಪಸು ಕಳಿಸುತ್ತೇನೆ, ಇದನ್ನೆಲ್ಲ ಹೇಳಲು ಬಾಯಿ ತೆರೆದರೆ ಹುಡುಗ, ವಿನೀತ, ಕಾಲ ಮೇಲೆ ಕಾಲು ಹಾಕಿ, ಹಾಂ, ಪ್ಯಾಕಿಂಗ್ ಕೆಲಸ ಅಲ್ಲೇನ್ರಿ, ಅಂದ, ಪ್ಲಾಟು ಮಾರುವ ದಲ್ಲಾಳಿ, ಬೆರಳಿಗೆ ಮೂರು ಉಂಗುರ, ಹೂಂ ಅಂದೆ, ಪ್ಯಾಕಿಂಗೇ, ನಿನಗೆ ಅಷ್ಟೇ ಸಾಕು. ಅವನ ಅಪ್ಪ ಶಿವರುದ್ರಪ್ಪ ಲೇಬರ್ ಕಾಂಟ್ರ್ಯಾಕ್ಟರು, ಎಸಿಯ ಕಡೆ ಗಲ್ಲ ಎತ್ತಿ, ಏಳ ವರ್ಷ ಆತ್ರಿ, ಒಂದಿನಾ ಮೆಕ್ಯಾನಿಕ್ ಕೈ ಹಚ್ಚಿಲ್ಲ, ಅನ್ನುತ್ತಾನೆ, ಹೆಮ್ಮೆ ನೋಡು, ಏಳು ವರ್ಷದಿಂದ ಸ್ನಾನ ಮಾಡಿಲ್ಲ ಅನ್ನುವವನ ಹೆಮ್ಮೆ, ಫಿಲ್ಟರ್ ಯಾವಾಗ ತೊಳದೀರಿ ಅಂತ ಕೇಳಿದೆ, ಎಷ್ಟು ಮೆತ್ತಗೆ ಕೇಳಿದೆ, ವಿನೀತ ತನ್ನ ಅಪ್ಪನ ಮುಖ ನೋಡಿದ, ಅವನಪ್ಪ ಮುಕ್ತಾಬಾಯಿಯ ಮುಖ ನೋಡಿದ, ಫಿಲ್ಟರ್ ಅಂದ್ರ ನೀರಿಂದೇನವಾ, ಅದು ಅಡಗಿ ಮನ್ಯಾಗ ಅದ, ಅಂದಳು ಅವಳು. ಗರ್ರ್ ಅನ್ನುತ್ತಿದೆ ನನ್ನ ನೆತ್ತಿಯ ಮೇಲೆ, ಬ್ಲೋವರಿನ ರೆಕ್ಕೆಗಳ ತುಂಬ ಧೂಳು ಕಂಬಳಿ ಹೊದ್ದಿರಬೇಕು, ಗಾಳಿ ಮುಗ್ಗಲು ಮುಗ್ಗಲು, ತಾಮ್ರದ ಕೊಳವೆ ಗೋಡೆ ಹೊಗುವಲ್ಲಿ ಬೆಳ್ಳಗೆ ಮಂಜು ಕಟ್ಟಿದೆ, ಅದನ್ನು ಮುಕ್ತಾಬಾಯಿ ಅಪ್ಪನಿಗೆ ಬೆರಳಿಟ್ಟು ತೋರಿಸುತ್ತಾಳೆ, ನೋಡ್ರಿ ಎಷ್ಟು ಪವರ್ ಅದ, ಬರ್ಫ ಬೀಳ್ತದ — ಜ್ವರ ಬಂದು ನಡುಗುವವನನ್ನು ತೋರಿಸಿ ಕುಣಿಯುತ್ತಾನೆ ನೋಡಿ ಅಂದಂತೆ, ಅಯ್ಯೋ ತಾಯಿ. ಸೋಫಾದ ಹಿಂದೆ ಟಪ್ ಟಪ್, ಬಗ್ಗಿ ನೋಡಿದೆ, ನೀರು ಹೋಗುವ ಪೈಪು ಕಟ್ಟಿಕೊಂಡಿರಬೇಕು, ಗೋಡೆಗುಂಟ ಇಳಿದು ಬಣ್ಣ ಹಪ್ಪಳದಂತೆ ಉಬ್ಬಿದೆ, ಕೆಳಗೆ ಒಂದು ಪ್ಲಾಸ್ಟಿಕ್ ಟಬ್ಬು, ಟಬ್ಬು ಕಾಣಬಾರದೆಂದು ಅದರ ಮುಂದೆ ಪ್ಲಾಸ್ಟಿಕ್ ಹೂವು, ಐನೂರು ರೂಪಾಯಿಯ ಸರ್ವಿಸಿಗೆ ಹಿಂದೆಮುಂದೆ ನೋಡುವ ಜನ ಹೂವಿಗೆ ಮಾತ್ರ ಧಾರಾಳ. ಮತ್ತೆ ಗುಡುಗಿತು, ಟ್ಯೂಬ್‌ಲೈಟು ಕಣ್ಣು ಮುಚ್ಚಿತು, ಮಷಿನ್ ಅಂದ ಮ್ಯಾಲ ಸೌಂಡ್ ಮಾಡ್ತದ್ರಿ, ಅಂದ ವಿನೀತ, ನಾನು ಮೇಲೆ ನೋಡಿದ್ದನ್ನು ಕಂಡು, ಹೌದು ಸ್ವಾಮಿ, ನೀನೂ ಮಾಡುತ್ತಿದ್ದೀಯ.

ಆಗ ಬಂತು ಆ ವಾಸನೆ, ಮೊದಲು ತೆಳ್ಳಗೆ, ಆಮೇಲೆ ಮೂಗಿನ ಬುಡಕ್ಕೆ ಹತ್ತುವಂತೆ, ಮೀನು, ಹಳಸಿದ ಮೀನು, ಅಪ್ಪನೂ ಮೂಗು ಅರಳಿಸಿದ, ಅಷ್ಟಕ್ಕೇ ಮುಕ್ತಾಬಾಯಿಗೆ ಮೈಮೇಲೆ ಬಂತು, ಕೇಳಬ್ಯಾಡ್ರಿ ಅಣ್ಣಾರ, ನಾವು ಮುಂಜಾನೆ ಎದ್ದು ಲಿಂಗಪೂಜಿ ಮಾಡೂ ಮಂದಿ, ಬಾಜೂಕ ಬಂಗಾಲಿ ಮಂದಿ ಬಂದಾರ, ದಿನಾ ಮಧ್ಯಾಹ್ನ ಮೀನ, ಸೊಸಾಯಟಿಗೆ ಬರದ ಕೊಟ್ಟೀವಿ, ಜಗಳಾನೂ ಮಾಡೀವಿ, ಆಕಿ ಏನಂತಾಳ ಗೊತ್ತದ ಏನ್ರಿ, ನಮ್ಮನ್ಯಾಗ ಇವತ್ತ ಒಲೀನ ಹಚ್ಚಿಲ್ಲ ಅಂತಾಳ, ಎಂಥ ಸುಳ್ಳು, ಹೊಸಲಿ ಮುಂದ ನಿಂತು ಆಣಿ ಹಾಕ್ತಾಳ. ದಿನಾ ಮಧ್ಯಾಹ್ನ — ಎಸಿ ಹಚ್ಚುವ ಹೊತ್ತು — ಕಾರ್ಖಾನೆಯಲ್ಲಿ ತರಬೇತಿಯ ಮೊದಲ ವಾರವೇ ಹೇಳಿಕೊಟ್ಟಿದ್ದರು, ಮೀನಿಲ್ಲದ ಕಡೆ ಮೀನಿನ ವಾಸನೆ ಬಂದರೆ ಮೊದಲು ಪ್ಲಗ್ಗು ಹುಡುಕು, ಪಿನ್ನು ಕಾದು ಪ್ಲಾಸ್ಟಿಕ್ ಬೇಯುವಾಗ ಹಾಗೇ ನಾರುತ್ತದೆ, ಮತ್ತು ಇವರು ಒಬ್ಬ ಬಡಪಾಯಿ ಹೆಂಗಸನ್ನು ಹೊಸ್ತಿಲಲ್ಲಿ ನಿಲ್ಲಿಸಿ ಆಣೆ ಹಾಕಿಸಿದ್ದಾರೆ, ನಗು ಬಂತು ನನಗೆ, ನಿಜಕ್ಕೂ ನಗು ಬಂತು, ಒಂದು ಕ್ಷಣ ಸುಮ್ಮನೆ ಕೂತು ಆ ನಗುವನ್ನು ಚಪ್ಪರಿಸಿದೆ, ಆಮೇಲೆ ಪಕ್ಕದ ಪರದೆ ಸರಿಸಿದೆ, ಕೆಳಗೆ ನೆಲದ ಮೇಲೆ ಟಿವಿಗೆ ಹಾಕುವಂಥ ಎಕ್ಸ್‌ಟೆನ್ಶನ್ ಬೋರ್ಡು, ಅದರಲ್ಲಿ ಎಸಿಯ ದಪ್ಪ ಪ್ಲಗ್ಗು, ಬಿಳಿಯದು ಕಂದು ಬಣ್ಣಕ್ಕೆ ತಿರುಗಿ ಒಂದು ಬದಿ ಕರಗಿದೆ, ಎರಡು ಗೇಣು ಆಚೆಗೆ ಟಬ್ಬಿನಿಂದ ಸಿಡಿದ ನೀರು. ಪ್ಲಗ್ ಸುಡಾಕತ್ತದ್ರಿ, ಅಂದೆ, ಇದು ಮೀನ ಅಲ್ಲ, ವಾಯರಿಂಗ್ ಸುಡಾಕತ್ತದ, ಮೇನ್ ಸ್ವಿಚ್ ಎಲ್ಲದ? ಶಿವರುದ್ರಪ್ಪ ನಕ್ಕ, ಅಪ್ಪನ ಕಡೆ ನೋಡಿ ನಕ್ಕ, ನಿಮ್ಮ ಮಗಳು ಭಾಳ ಹೆದರತಾಳ್ರಿ, ಅದು ಬ್ಯಾಸಿಗ್ಯಾಗ ಸ್ವಲ್ಪ ಬಿಸಿ ಆಗ್ತದ, ಬೋರ್ಡಿನ ಸ್ವಿಚ್ಚು ಸಿಕ್ಕೊಂಡು ಕುಂತದ, ಪ್ಲಗ್ ಕಿತ್ತಿದ್ರ ಬಂದ್ ಆಗ್ತದ — ಶ್ರದ್ಧಾ! ಏ ಶ್ರದ್ಧಾ! ಅದನ್ನ ತಗೀ ಬಾ! ಆಕಿ ದಿನಾ ತಗೀತಾಳ್ರಿ, ಆಕಿಗೆ ರೂಢಿ ಅದ, ಅಂದಳು ಮುಕ್ತಾಬಾಯಿ, ಸಪ್ನಾ ನೀ ಕುಂಡ್ರವಾ, ಚಾ ಆರ್ತದ.

ಅವಳು ಬಂದಳು, ಪಾತ್ರೆ ತೊಳೆಯುತ್ತಿದ್ದವಳು ಹಾಗೇ ಬಂದಳು, ಮೊಣಕೈತನಕ ನೀರು, ಸೋಫಾದ ಸಂದಿಯಲ್ಲಿ ತೂರಿ ಕುಕ್ಕರುಗಾಲಿನಲ್ಲಿ ಕೂತು ಬಲಗೈ ಚಾಚಿದಳು, ಆಗ ಕಂಡೆ, ಹೆಬ್ಬೆರಳು ಮತ್ತು ತೋರುಬೆರಳು, ಎರಡರ ತುದಿಯೂ ಕಪ್ಪು, ಚರ್ಮ ಬೆಂದು ಗಟ್ಟಿಯಾದ ಕಪ್ಪು, ತೋರುಬೆರಳ ತುದಿಯಲ್ಲಿ ಒಂದು ಹನಿ ನೀರು, ಹನಿ ನಡುಗುತ್ತಿತ್ತು, ಪ್ಲಗ್ಗಿಗೂ ಹನಿಗೂ ನಡುವೆ ನಾಲ್ಕು ಬೆರಳ ಜಾಗ — ಕೈ ಹಚ್ಚಬ್ಯಾಡ! ಯಾರು ಕೂಗಿದ್ದು, ನಾನೇ, ಅವಳ ಸೆರಗು ರಟ್ಟೆ ಜಡೆ ಏನು ಸಿಕ್ಕಿತೋ ಹಿಡಿದು ಹಿಂದಕ್ಕೆ ಎಳೆದೆ, ಇಬ್ಬರೂ ಟೀಪಾಯಿಯ ಮೇಲೆ ಬಿದ್ದೆವು, ಕಪ್ಪುಗಳು ಚೂರಾದವು, ಅದೇ ಹೊತ್ತಿಗೆ ಬೋರ್ಡು ಚಟಚಟ ಅಂದು ನೀಲಿಯಾಗಿ ಕಿಡಿ ಉಗುಳಿತು, ಪರದೆಯ ಅಂಚಿಗೆ ಬೆಂಕಿ ಹತ್ತಿತು, ವಿನೀತ ಸೋಫಾದ ಮೇಲೆ ನಿಂತುಬಿಟ್ಟಿದ್ದ, ಮೂರು ಉಂಗುರದ ಗಂಡಸು ಸೋಫಾದ ಮೇಲೆ, ನಾನು ಬಾಗಿಲ ಕಡೆ ಓಡಿದೆ, ಬರುವಾಗ ಕಂಡಿತ್ತು, ಚಪ್ಪಲಿ ಗೂಡಿನ ಮೇಲೆ ಮೀಟರಿನ ಪೆಟ್ಟಿಗೆ, ಮೇನ್ ಕೆಳಗೆಳೆದೆ, ಗರ್ರ್ ನಿಂತಿತು, ಗುಡುಗು ನಿಂತಿತು, ತಿರುಗಿ ಬರುವಷ್ಟರಲ್ಲಿ ಅಪ್ಪ ಪರದೆ ಕಿತ್ತು ಕೆಳಗೆ ಕೆಡವಿ ಕಾಲೊರೆಸಿನಿಂದ ಬಡಿಯುತ್ತಿದ್ದ, ಬಡಿದ, ಬಡಿದ, ಆರಿತು, ಹೊಗೆ, ಕೆಮ್ಮು, ಹಳಸಿದ ಮೀನು. ಆಮೇಲಿನ ಮೊದಲ ಮಾತು ಮುಕ್ತಾಬಾಯಿಯದು — ಐದೂ ಕಪ್ಪ ಹೋದವಲ್ಲೇ ಶ್ರದ್ಧಾ! — ಎರಡನೆಯ ಮಾತು ಶಿವರುದ್ರಪ್ಪನದು, ಭೇಷ್, ಹುಡುಗಿ ಭಾಳ ಚೂಟಿ ಅದಾಳ್ರಿ ಜಟ್ಟೆಪ್ಪಾರ, ಮನಿಗೆ ಇಂಥಾಕಿ ಒಬ್ಬಾಕಿ ಇದ್ರ ಮೆಕ್ಯಾನಿಕ್ಕಿನ ಖರ್ಚ ಉಳೀತದ. ಎಲೆಕ್ಟ್ರಿಷಿಯನ್ ಬಂದು ವಾಯರ್ ಬದಲಿ ಮಾಡೂತನಕ ಮೇನ್ ಏರಸಬ್ಯಾಡ್ರಿ ಅಂತ ಮಾತ್ರ ಹೇಳಿ ನಾನು ಅಡುಗೆಮನೆಗೆ ಹೋದೆ, ಶ್ರದ್ಧಾ ಚೂರುಗಳನ್ನು ಮೊರಕ್ಕೆ ತುಂಬಿಕೊಂಡು ಬಂದು ನಿಂತಳು, ನಾನು ಜಗ್ಗಿದ ಜಡೆ ಬಿಚ್ಚಿಹೋಗಿತ್ತು, ಎಷ್ಟ ದಿನಾ ಆತ್ರಿ ಅಕ್ಕಾ, ಅಂದೆ ಅವಳ ಬೆರಳು ನೋಡುತ್ತ, ಯುಗಾದಿಗಿಂತ ಮೊದಲಿಂದ, ಅಂದಳು, ಹೇಳಿದ್ದೆ, ಸುಡ್ತದ ಅಂದ್ರ ಸೆರಗ ಸುತ್ತಿ ತಗೀ ಅಂದ್ರು, ನಿಮಗೂ ಸರೀರಿ ಅಂತ ಹೇಳಾಕ ಬಂದೆ, ನೀವು ಮಾರಿ ತಿರಗಿಸಿದ್ರಿ. ಬೈಗುಳದಂತೆ ಹೇಳಲಿಲ್ಲ, ಮೊರವನ್ನು ಕಸದ ಡಬ್ಬಿಗೆ ತಟ್ಟುತ್ತ ಹೇಳಿದಳು.

ಮನೆಗೆ ಮರಳುವ ದಾರಿ, ವಾಘೋಲಿಯ ಟ್ರಾಫಿಕ್ಕು, ಅಪ್ಪನ ಗಾಡಿ ಎರಡು ಲಾರಿಗಳ ನಡುವೆ, ಅವನ ಬೆನ್ನಿನಿಂದ ಇನ್ನೂ ಹೊಗೆಯ ವಾಸನೆ, ಫೋನು ಬಂತು, ಗಾಡಿ ಬದಿಗೆ ಹಾಕಿದ, ಹೌದ್ರಿ, ಹೌದ್ರಿ, ಭಾಳ ಸಂತೋಷ್ರಿ, ಫೋನು ಇಟ್ಟು ತಿರುಗಿದ ಮುಖ, ನಾನು ಇಷ್ಟು ವರ್ಷದಲ್ಲಿ ನೋಡದ ಮುಖ, ಒಪ್ಪಿದರವಾ ಸಪ್ನಾ, ಏನೂ ಬ್ಯಾಡ ಅಂದ್ರು, ಹುಡುಗಿ ಅಷ್ಟ ಸಾಕು ಅಂದ್ರು. ಬ್ಯಾಡಪಾ, ಅಂದೆ. ಯಾಕವಾ? ನನಗೆ ಬ್ಯಾಡ. ಎಸಿ ಕೆಟ್ಟಿತು ಅಂತ ಹುಡುಗನ್ನ ಬ್ಯಾಡ ಅಂತಾರೇನವಾ, ಎಸಿ ರಿಪೇರಿ ಆಗ್ತದ, ಅಂದ, ಸಿಟ್ಟಿಲ್ಲ, ನಿಜವಾಗಿ ತಿಳಿಯದೆ ಕೇಳಿದ, ನಾನು ಹೇಳಲು ಹೊರಟೆ, ಎಲ್ಲ ಸಿದ್ಧವಾಗಿತ್ತು ನಾಲಿಗೆಯ ತುದಿಯಲ್ಲಿ, ಸೋಫಾ ಹತ್ತಿದ ಗಂಡಸು, ಖರ್ಚು ಉಳಿಸುವ ಮಾವ, ಕಪ್ಪಿಗೆ ಅಳುವ ಅತ್ತೆ, ಹನಿ ಕಂಡಿತು, ಮತ್ತೆ ಶುರುಮಾಡಿದೆ, ಮಂಜುಗಟ್ಟಿದ್ದು ನೋಡಿ ಪವರ್ ಅನ್ನುವ ಜನ ಅಪ್ಪಾ ಅವರು, ಪಕ್ಕದ ಮನೆಯವಳಿಂದ ಆಣೆ ಹಾಕಿಸಿದ ಜನ, ಹನಿ, ಕಪ್ಪು ತುದಿಯಲ್ಲಿ ನಡುಗುತ್ತ, ಎಂಟು ವರ್ಷ ಸ್ಪಂಜಿನ ಕೋಣೆಯಲ್ಲಿ ಕೂತು ಪಳಗಿಸಿದ ಕಿವಿ, ಬೀದಿಯ ಇನ್ನೊಂದು ತುದಿಯ ಕಂಪ್ರೆಸರಿನ ಕೆಮ್ಮು ಹಿಡಿಯುವ ಕಿವಿ, ಅವಳು ನನ್ನ ಕಿವಿಗೆ ಒಂದು ಗೇಣು ದೂರದಲ್ಲಿ ಬಗ್ಗಿ ಹೇಳಿದಳು, ಇತ್ಲಾಗ ಸರದ ಕುಂಡ್ರಿ, ಮತ್ತು ನಾನು ಗೊಂಬೆ ಅಂದೆ, ಪ್ಲಗ್ಗು ಅಂತ ಗೊತ್ತಾದ ಮೇಲೂ ಒಂದು ಕ್ಷಣ ಕೂತು ನಗುವನ್ನು ಚಪ್ಪರಿಸಿದೆ, ಹೇಳವಾ, ಅಂದ ಅಪ್ಪ, ಲಾರಿ ಹಾರ್ನ್ ಹೊಡೆಯಿತು, ಈಗ ಆ ಮನೆಗೆ ಎಲೆಕ್ಟ್ರಿಷಿಯನ್ ಬಂದಿರಬೇಕು, ಅಥವಾ ಬಂದಿರಲಿಕ್ಕಿಲ್ಲ, ಸೆಕೆ ಆಗ್ತದ ಅಂತ ಮೇನ್ ಏರಿಸಿರಬೇಕು, ಬೇರೆ ಬೋರ್ಡು ಹುಡುಕಿರಬೇಕು, ಏ ಶ್ರದ್ಧಾ ಅಂತ ಕರೆದಿರಬೇಕು, ಅವಳು ಪಾತ್ರೆ ತೊಳೆಯುತ್ತಿದ್ದವಳು ಹಾಗೇ — ಎರಡು ಬೆರಳು, ತುದಿ ಕಪ್ಪು, ತುದಿಯಲ್ಲಿ ಹನಿ, ನಾಲ್ಕು ಬೆರಳ ಜಾಗ — ಎರಡು ಬೆರಳು, ತುದಿಯಲ್ಲಿ ಹನಿ — ಹನಿ —