ಹರಕು ನೋಟಿನ ಗಿರಾಕಿ

ನಂಜನಗೂಡಿನ ಪೇಟೆ ಬೀದಿಯಲ್ಲಿದ್ದ ಗಂಗಾಧರಸ್ವಾಮಿಯವರ ದಿನಸಿ ಅಂಗಡಿ ಅಂತಿಂಥದ್ದಲ್ಲ. ಅಲ್ಲಿ ಸಿಗದ ಸಾಮಾನು ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ಶನಿವಾರ ಸಂಜೆ ಅಲ್ಲಿಗೆ ನುಗ್ಗುತ್ತಿದ್ದ ಜನರನ್ನು ಒಬ್ಬರ ಹಿಂದೊಬ್ಬರಂತೆ ನಿಲ್ಲಿಸಿದ್ದರೆ ಸಾಲಿನ ಬಾಲ ತಾಂಡವಪುರವನ್ನು ದಾಟಿ ಹೋಗುತ್ತಿತ್ತು. ಸಾಮಾನು ತೂಗಲು, ಕಟ್ಟಲು ಒಳಗೆ ನಾಲ್ಕು ಜನರಿದ್ದರು. ಆದರೆ ದುಡ್ಡು ಎಣಿಸಿಕೊಳ್ಳುವ ಗಲ್ಲಾದ ಹಿಂದೆ ಸ್ವಾಮಿಯವರೇ ಕೂರಬೇಕು, ಬೇರೆ ಯಾರು ಕೂತರೂ ಗಲ್ಲಾ ಮುನಿಸಿಕೊಳ್ಳುತ್ತಿತ್ತು.

ಏಕೆಂದರೆ ಸ್ವಾಮಿಯವರಿಗೆ ಒಂದು ವಿದ್ಯೆ ಸಿದ್ಧಿಸಿತ್ತು. ಮನುಷ್ಯ ದುಡ್ಡು ಕೊಡುವ ರೀತಿ ನೋಡಿಯೇ ಅವನ ಏಳು ತಲೆಮಾರನ್ನು ಹೇಳಿಬಿಡುತ್ತಿದ್ದರು. ನೋಟನ್ನು ನಾಲ್ಕು ಮಡಿಕೆ ಮಾಡಿ ತಂದವನು ಜಿಪುಣ. ಎರಡು ಸಲ ಎಣಿಸುವವನು ಹೆಂಡತಿಗೆ ಹೆದರುವವನು. ಕೊಡುವಾಗ ಮುಖ ಬೇರೆ ಕಡೆ ತಿರುಗಿಸಿದವನು ಕಳ್ಳ. ಗರಿಗರಿ ನೂರರ ನೋಟು ತೆಗೆದವನು ಮಾತ್ರ ದೊಡ್ಡ ಮನುಷ್ಯ, ಅವನಿಗೆ ಕುರ್ಚಿ, ಕಾಫಿ. ಅಂಥ ಒಬ್ಬ ದೊಡ್ಡ ಮನುಷ್ಯ ಕಾಫಿ ಕುಡಿದು ಹೋಗುವಾಗ ಸ್ವಾಮಿಯವರ ಛತ್ರಿಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೋದ. ಅದು ಮರೆವು ಎಂದು ಸ್ವಾಮಿಯವರು ತೀರ್ಮಾನಿಸಿದರು. ವಿದ್ಯೆ ಸುಳ್ಳಾಗುವುದುಂಟೆ?

ಅದು ತೊಂಬತ್ತೇಳನೇ ಇಸವಿ. ಚಿಲ್ಲರೆಗೆ ಬರ ಬಂದ ಕಾಲ. ಸಣ್ಣ ನೋಟುಗಳು ಊರೂರು ಅಲೆದು, ಬೆವರು ಕುಡಿದು, ಹರಿದು, ಮತ್ತೆ ಅಂಟಿಸಿಕೊಂಡು ತಿರುಗುತ್ತಿದ್ದವು. ಕೈಗೆ ಬಂದದ್ದು ನೋಟೋ ಮಸಿಬಟ್ಟೆಯೋ ಎಂದು ಹೇಳಲು ಪಂಡಿತರೇ ಬೇಕಾಗಿತ್ತು.

ಒಂದು ಶನಿವಾರ ಗಲ್ಲಾದ ಮುಂದೆ ನಲವತ್ತರ ಆಸುಪಾಸಿನ ಒಬ್ಬ ಸಣಕಲು ಮನುಷ್ಯ ನಿಂತಿದ್ದ. ಅಕ್ಕಿ, ಬೇಳೆ, ಎಣ್ಣೆ, ಎರಡು ಸೋಪು ಕಟ್ಟಿಸಿಕೊಂಡಿದ್ದ. ಜೇಬಿನಿಂದ ತೆಗೆದದ್ದೆಲ್ಲ ಹರಕು ನೋಟು. ಸ್ವಾಮಿಯವರು ಅವನ್ನು ಮುಟ್ಟಲೂ ಇಲ್ಲ. ಪೆನ್ನಿನ ತುದಿಯಿಂದ ಹಿಂದಕ್ಕೆ ತಳ್ಳಿದರು.

"ಏನಯ್ಯ ಇದು?"

"ದುಡ್ಡು ಸಾ."

"ದುಡ್ಡಾ? ಇಲಿ ಕಡಿದ ಪಂಚೆ ಅಂದ್ಕೊಂಡೆ."

ಹಿಂದೆ ನಿಂತವರು ನಕ್ಕರು. ಆ ಮನುಷ್ಯನೂ ಸ್ವಲ್ಪ ನಕ್ಕ. "ನಂಬರು ಎಲ್ಲಾ ಸರ್ಯಾಗವೆ, ನೋಡಿ ಸಾ."

"ಹೋದ ವಾರ ಬಂದೆ, ಇಂಥವೇ. ಅದರ ಹಿಂದಿನ ವಾರನೂ ಇಂಥವೇ, ಪಾಪ ಅಂತ ಒಂದೆರಡು ಇಟ್ಕೊಂಡೆ. ಊರಲ್ಲಿರೋ ಹರಕು ನೋಟೆಲ್ಲ ನಿನ್ನೊಬ್ಬನ ಜೇಬಿಗೇ ಹೆಂಗಯ್ಯ ಬರ್ತವೆ? ಅರ್ಧ ಬೆಲೆಗೆ ಕೊಂಡು ನಮ್ಮಂಥವರ ಹತ್ರ ಪೂರ್ತಿಗೆ ಓಡಿಸೋ ಕಳ್ಳ ದಂಧೆ ಮಾಡ್ತೀಯೇನು?"

"ಆ ಕಸುಬು ನಂಗೊತ್ತಿಲ್ಲ ಸಾ. ಬಸ್ಸಲ್ಲಿ ಜನ ಕೊಡ್ತಾರೆ, ಈಸ್ಕತೀನಿ. ನಾನು ಕಂಡಕ್ಟ್ರು, ನರಸೀಪುರದ ಪುಟ್ಟಬಸವಯ್ಯನೋರ ಬಸ್ಸಲ್ಲಿ."

"ಹಂಗಾದ್ರೆ ಓನರಿಗೇ ಕೊಡು. ನಮ್ಮ ತಲೆಗೆ ಯಾಕೆ ಕಟ್ತೀಯ? ಮೈಸೂರಿನ ಮಂಡಿಯೋರಿಗೆ ಇಂಥದ್ದೊಂದು ಕೊಟ್ರೆ ಗಾಡಿಗೆ ಹಾಕಿದ ಮೂಟೆ ಇಳಿಸ್ಕೊಂಡು ಕಳಿಸ್ತಾರೆ. ನನ್ನ ಕಷ್ಟ ಯಾರು ಕೇಳ್ತಾರೆ?"

ಈ ಮಾತಿನಲ್ಲಿ ಸುಳ್ಳಿರಲಿಲ್ಲ. ಮಂಡಿಯವರು ಹಾಗೆಯೇ ಇದ್ದರು.

ಆ ಮನುಷ್ಯ ಏನನ್ನೋ ಹೇಳಲು ಬಾಯಿ ತೆರೆದ. ಹಿಂದೆ ನಿಂತಿದ್ದ ಜನರನ್ನು ಒಮ್ಮೆ ನೋಡಿದ. ಬಾಯಿ ಮುಚ್ಚಿಕೊಂಡ. ಅಕ್ಕಿ ಬೇಳೆಯ ಪೊಟ್ಟಣಗಳನ್ನು ಬದಿಗೆ ಸರಿಸಿ, ಎಣ್ಣೆಗೆ ಮಾತ್ರ ನಾಣ್ಯ ಎಣಿಸಿ ಕೊಟ್ಟು ಹೊರಟ.

ಪುಟ್ಟಬಸವಯ್ಯನವರು ಸ್ವಾಮಿಯವರ ಹೆಂಡತಿಯ ಅಣ್ಣ. ಸ್ವಾಮಿಯವರು ಅಂದೇ ಫೋನು ಮಾಡಿದರು.

"ಭಾವ, ನಿಮ್ಮ ಕಂಡಕ್ಟರು ಕಲೆಕ್ಷನ್ನಿನ ಒಳ್ಳೆ ನೋಟು ಕೊಟ್ಟು ಹರಕು ನೋಟು ಕೊಳ್ಳೋ ದಂಧೆ ಮಾಡ್ತಾನೆ."

"ಚಿಕ್ಕಸ್ವಾಮೀನಾ? ನಂಗೆ ಕೊಡೋದೆಲ್ಲ ಒಳ್ಳೆ ನೋಟೇ ಕಣ್ರೀ. ಒಂದು ಪೈಸೆ ವ್ಯತ್ಯಾಸ ಇಲ್ಲ."

"ಅದೇ ಗುಟ್ಟು. ಹರಕೆಲ್ಲ ನಮ್ಮಂಥ ಅಂಗಡೀಲಿ ಓಡಿಸಿ, ನಿಮ್ಗೆ ಒಳ್ಳೇದು ಕೊಡ್ತಾನೆ."

"ಹನ್ನೊಂದು ವರ್ಷದಿಂದ ಅವ್ನೆ. ಮೂರು ಮಕ್ಕಳು ಓದ್ತಾವೆ. ಬಾಯಿಮಾತಿಗೆ ಕೆಲಸದಿಂದ ತೆಗೆಯಕಾಗಕಿಲ್ಲ. ನೀವೇ ಒಂದ್ಸಲ ಬಸ್ಸಲ್ಲಿ ಬಂದು ಕಣ್ಣಾರೆ ನೋಡಿ ಹೇಳಿ. ನಿಜ ಆಗಿದ್ರೆ ಬಸ್‌ಸ್ಟ್ಯಾಂಡಲ್ಲೇ ಬ್ಯಾಗು ಕಿತ್ಕತೀನಿ."

ಮಂಗಳವಾರ ಅಂಗಡಿಗೆ ರಜೆ. ಸ್ವಾಮಿಯವರು ವಿಭೂತಿ ಮುಚ್ಚುವಂತೆ ತಲೆಗೆ ಟವೆಲ್ಲು ಸುತ್ತಿ, ಕನ್ನಡಕ ಜೇಬಿಗಿಳಿಸಿ, ತಮಗೇ ತಮ್ಮ ಗುರುತು ಸಿಗದು ಎಂಬ ಧೈರ್ಯದಲ್ಲಿ ಬಸ್ಸು ಹತ್ತಿದರು. ಆ ಬಸ್ಸಾದರೂ ಎಂಥದ್ದು! ಅದು ಕೆಮ್ಮಿದರೆ ಕಪಿಲೆಯ ಮೀನುಗಳು ಮುಳುಗು ಹಾಕುತ್ತಿದ್ದವು. ಸೀಟು ಐವತ್ತು, ಒಳಗಿದ್ದವರು ಸುಮಾರು ಒಂದು ತಾಲ್ಲೂಕು. ಆ ತಾಲ್ಲೂಕಿನ ನಡುವೆ ಚಿಕ್ಕಸ್ವಾಮಿ ನೀರಿನಲ್ಲಿ ಹಾವು ಹರಿದಂತೆ ಓಡಾಡುತ್ತಿದ್ದ. ಯಾರು ಎಲ್ಲಿ ಇಳಿಯಬೇಕು, ಯಾರಿಗೆ ಎಷ್ಟು ಚಿಲ್ಲರೆ ಬಾಕಿ, ಯಾವ ಕೂಸು ವಾಂತಿ ಮಾಡುತ್ತದೆ, ಎಲ್ಲವೂ ಅವನ ತಲೆಯಲ್ಲಿ. ಅಂಥ ತಲೆ ವಿಧಾನಸೌಧದಲ್ಲಿದ್ದಿದ್ದರೆ ನಾಡು ಚಿನ್ನವಾಗುತ್ತಿತ್ತು.

ಸ್ವಾಮಿಯವರ ಮುಂದಿನ ಸೀಟಿನಲ್ಲಿ ಒಬ್ಬ ಮುದುಕಿ ಕೂತಿದ್ದಳು. ಹೆಸರು ಪಾಪಮ್ಮ. ಟಿಕೆಟ್ಟಿಗೆ ಸೆರಗಿನ ಗಂಟು ಬಿಚ್ಚಿ ಹತ್ತರ ನೋಟು ತೆಗೆದಳು. ಅದು ನಟ್ಟನಡುವೆ ಹರಿದು, ಹಿಂದೆ ಕಾಗದದ ಪಟ್ಟಿ ಅಂಟಿಸಿಕೊಂಡು ಬದುಕಿತ್ತು.

ಪಕ್ಕದಲ್ಲಿ ನಿಂತಿದ್ದ ಪ್ಯಾಂಟಿನವನೊಬ್ಬ ಹೇಳಿದ: "ಈಸ್ಕೋಬೇಡಿ ಕಂಡಕ್ಟ್ರೆ. ಬಸ್ಸಲ್ಲಿ ಓಡ್ತದೆ ಅಂತ ಬೇಕಂತ್ಲೇ ತರ್ತಾರೆ ಈ ಜನ."

"ಬೇಕಂತ ಯಾರಪ್ಪ ತತ್ತಾರೆ?" ಎಂದಳು ಪಾಪಮ್ಮ. "ಮೊನ್ನೆ ಸಕ್ಕರೆ ತಕಂಡೆ, ನಂಜನಗೂಡ್ನ ಪೇಟೆ ಬೀದಿ ದೊಡ್ಡಂಗಡೀಲಿ. ಉಳಿಕೆ ದುಡ್ಡಿನ ಮಧ್ಯಕ್ಕೆ ಇದು ಸೇರ್ಕಂಡ್‌ಬುಟ್ಟದೆ. ನಂಗೆ ಕಣ್ಣು ಮಂಜು. ಬೇರೆ ನೋಟಿಲ್ಲ ಕಣಪ್ಪ. ಮಗಳು ನರಸೀಪುರದ ಆಸ್ಪತ್ರೇಲಿ ಎತ್ತವ್ಳೆ. ಇಳಿ ಅಂದ್ರೆ ಇಳ್ದು ನಡ್ಕಂಡೋಯ್ತೀನಿ."

"ಇಳಿ ಅಂದೋರು ಯಾರವ್ವ?" ಎಂದ ಚಿಕ್ಕಸ್ವಾಮಿ. "ನೋಟು ಅರ್ದೋದ್ರೆ ದಾರಿನೂ ಅರ್ದೋಯ್ತದಾ? ಕೂತ್ಕೊ. ಗಂಡೋ ಎಣ್ಣೋ?"

"ಎಣ್ಣು."

"ಒಳ್ಳೇದಾಯ್ತು ಬುಡು." ಟಿಕೆಟ್ಟು ಹರಿದು, ಉಳಿದ ಎರಡು ರೂಪಾಯಿಯನ್ನು ಅವಳ ಕೈಗೆ ಕೊಟ್ಟ. ಹರಕು ನೋಟನ್ನು ಚರ್ಮದ ಬ್ಯಾಗಿಗೆ ಹಾಕಲಿಲ್ಲ, ಅಂಗಿಯ ಜೇಬಿಗೆ ಹಾಕಿಕೊಂಡ. ಅದೇ ಜೇಬಿನಿಂದ ತನ್ನದೊಂದು ಒಳ್ಳೆಯ ಹತ್ತರ ನೋಟು ತೆಗೆದು ಬ್ಯಾಗಿಗೆ ಸೇರಿಸಿದ.

ಸ್ವಾಮಿಯವರು ಕಣ್ಣಾರೆ ಕಂಡರು. ಅರ್ಧ ಬೆಲೆ ಇಲ್ಲ, ಕಾಲು ಬೆಲೆ ಇಲ್ಲ. ಹತ್ತಕ್ಕೆ ಹತ್ತು.

"ಸ್ವಲ್ಪ ಆ ನೋಟು ಕೊಡಯ್ಯ" ಎಂದು ಕೈ ಚಾಚಿ, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ನೋಟಿನ ಬೆನ್ನಿಗಿದ್ದ ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿ 'ರಾಹುಕಾಲ' ಎಂದಿತ್ತು. ಪ್ರತಿ ಮಂಗಳವಾರ ಜಗಲಿಯಲ್ಲಿ ಕೂತು, ಹೋದ ವರ್ಷದ ಪಂಚಾಂಗವನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಮೈದಾ ಗೋಂದಿನಿಂದ ಹರಕು ನೋಟು ಅಂಟಿಸುತ್ತಿದ್ದವರು ನಂಜನಗೂಡಿನಲ್ಲಿ ಒಬ್ಬರೇ, ಗಂಗಾಧರಸ್ವಾಮಿಯವರು. ಅಂಟಿಸಿದ್ದನ್ನು ನಾಲ್ಕು ಒಳ್ಳೆಯ ನೋಟುಗಳ ನಡುವೆ ಇಟ್ಟು, ಹಳ್ಳಿಯಿಂದ ಬಂದ ಗಿರಾಕಿಗಳಿಗೆ ಉಳಿಕೆಯಾಗಿ ಕೊಡುತ್ತಿದ್ದರು. ಬಂದದ್ದು ಹೋಗಬೇಕು, ವ್ಯಾಪಾರ ಎಂದರೆ ಅಷ್ಟೇ ಎಂದುಕೊಂಡಿದ್ದರು. ಹೋದದ್ದು ಎಲ್ಲಿಗೆ ಹೋಯಿತು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಚಿಕ್ಕಸ್ವಾಮಿಯನ್ನು ಮೆಲ್ಲಗೆ ಕೇಳಿದರು. "ನಿಂಗೆ ಗೊತ್ತಿತ್ತಾ?"

"ಅಂಗಡಿ ಸ್ವಾಮ್ಯೋರು ಅಂತ್ಲಾ? ನೀವು ಬಸ್ಸು ಅತ್ತಿದ ತಕ್ಷಣ ಗೊತ್ತಾಯ್ತು ಸಾ. ಟವಲ್ಲು ಸುತ್ತುದ್ರೆ ಗತ್ತು ಮುಚ್ಚೋಯ್ತದಾ?"

"ಅದಲ್ಲ. ಈ ಪಟ್ಟಿ."

ಚಿಕ್ಕಸ್ವಾಮಿ ಕಿಟಕಿಯ ಕಡೆ ನೋಡಿದ. "ಮೂರು ತಿಂಗಳಿಂದ ಗೊತ್ತು ಸಾ, ಕೊಟ್ಟೋರೆಲ್ಲ ನಿಮ್ಮಂಗಡಿ ಉಳಿಕೆ ಅಂತಿದ್ರು. ಬೇರೆ ಅಂಗಡಿಯೋರು ಈಸ್ಕಳಲ್ಲ. ಅಂಟಿಸ್ದೋರು ಈಸ್ಕತಾರೆ ಅಂತ ನಿಮ್ಮಲ್ಲಿಗೇ ತತ್ತಿದ್ದೆ."

"ಅವತ್ತು ಅಷ್ಟು ಜನರ ಮುಂದೆ ಕಳ್ಳ ದಂಧೆ ಅಂದೆನಲ್ಲ. ಯಾಕಯ್ಯ ಬಾಯಿ ಬಿಡಲಿಲ್ಲ?"

"ಅಷ್ಟು ಜನ ಇದ್ರು ಅಂತ್ಲೇ ಬುಡ್ನಿಲ್ಲ. ನಿಮ್ದು ಅಂಗಡಿ, ಜನ ನಂಬುದ್ರೆ ಉಂಟು. ನಂದೇನು ಸಾ, ದಿನಾ ನೂರು ಜನ ಬೈತಾರೆ. ನೀವು ನೂರಾ ಒಂದು."

ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಪುಟ್ಟಬಸವಯ್ಯನವರು ಕಾಯುತ್ತಿದ್ದರು. ಸ್ವಾಮಿಯವರು ಇಳಿಯುತ್ತಿದ್ದಂತೆ ಪುಟ್ಟಬಸವಯ್ಯನವರೇ ಕೇಳಿದರು: "ಏನ್ ಭಾವ, ನಿಜಾನಾ? ಕಿತ್ಕಳ್ಲಾ ಬ್ಯಾಗು?"

ವಿಷಯ ಇಲ್ಲಿಯವರೆಗೆ ಬಂದಿದೆ ಎಂದು ಚಿಕ್ಕಸ್ವಾಮಿಗೆ ಆಗಲೇ ತಿಳಿದದ್ದು. ಬ್ಯಾಗಿನ ಪಟ್ಟೆಯ ಮೇಲೆ ಅವನ ಕೈ ಬಿಗಿಯಾಯಿತು. ಆದರೂ ಅವನು ಸ್ವಾಮಿಯವರ ಕಡೆ ನೋಡಲಿಲ್ಲ.

'ತಪ್ಪು ತಿಳ್ಕೊಂಡಿದ್ದೆ ಭಾವ' ಎಂದಿದ್ದರೆ ಸಾಕಿತ್ತು. ಚಿಕ್ಕಸ್ವಾಮಿಯ ಕೆಲಸವೂ ಉಳಿಯುತ್ತಿತ್ತು, ತಮ್ಮ ಮಾನವೂ ಉಳಿಯುತ್ತಿತ್ತು. ಆದರೆ ಪೇಟೆ ಬೀದಿಯ ಗಂಗಾಧರಸ್ವಾಮಿ ತಲೆಯ ಟವೆಲ್ಲು ಬಿಚ್ಚಿದರು. "ಅವ್ವ, ಒಂದ್ನಿಮಿಷ ನಿಂತ್ಕೊಳ್ಳಿ" ಎಂದು ಪಾಪಮ್ಮನನ್ನು ತಡೆದರು. ಇಳಿಯುತ್ತಿದ್ದ ಜನರೂ ನಿಂತರು.

"ದಂಧೆ ನಡೀತಿರೋದು ನಿಜ ಭಾವ. ಕಣ್ಣು ಕಾಣದವರ ಕೈಗೆ ಹರಕು ನೋಟು ದಾಟಿಸೋ ದಂಧೆ. ನಡೀತಿರೋದು ನನ್ನ ಗಲ್ಲಾದಲ್ಲಿ. ಈ ಮನುಷ್ಯ ಅದನ್ನೆಲ್ಲ ತನ್ನ ಸಂಬಳದಿಂದ ತುಂಬ್ಕೊಂಡು ಬರ್ತಾವ್ನೆ."

ಪುಟ್ಟಬಸವಯ್ಯನವರು ಕಂಡಕ್ಟರನ ಕಡೆ ತಿರುಗಿದರು. "ನಂಗ್ಯಾಕ್ಲಾ ಹೇಳ್ನಿಲ್ಲ?"

"ಹೇಳುದ್ರೆ ಈಸ್ಕಬೇಡ ಅಂತಿದ್ರಿ ಸಾ. ಈಸ್ಕಬೇಡ ಅಂದ್ರೆ ಇಂಥೋರ್ನ ದಾರೀಲಿ ಇಳಿಸ್ಬೇಕು."

ಪಾಪಮ್ಮ ಸ್ವಾಮಿಯವರ ಮುಖದ ಹತ್ತಿರಕ್ಕೆ ಬಂದು ನೋಡಿದಳು. "ನೀವಾ ಅಪ್ಪಾ ಈ ನೋಟು ಕೊಟ್ಟೋರು? ಪಾಪ, ನಂಗಿಂತ ನಿಮ್ಗೇ ಕಣ್ಣು ಮಂಜೇನೋ ಅಂದ್ಕಂಡಿದ್ದೆ" ಎಂದಳು. ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಇದ್ದಿದ್ದರೆ ಸ್ವಾಮಿಯವರಿಗೆ ಅಷ್ಟು ನೋಯುತ್ತಿರಲಿಲ್ಲ.

ಚಿಕ್ಕಸ್ವಾಮಿಯ ಜೇಬಿನಲ್ಲಿದ್ದ ಹರಕು ನೋಟುಗಳನ್ನೆಲ್ಲ ಅವರು ಅಲ್ಲೇ ತೆಗೆದುಕೊಂಡು, ಒಳ್ಳೆಯ ನೋಟು ಎಣಿಸಿ ಕೊಟ್ಟರು.

ಮರುದಿನ ಬೆಳಿಗ್ಗೆ ಹೆಂಡತಿ ಚನ್ನಾಜಮ್ಮನವರನ್ನು ಗಲ್ಲಾದಲ್ಲಿ ಕೂರಿಸಿದರು. ಗಲ್ಲಾ ಮುನಿಸಿಕೊಳ್ಳಲಿಲ್ಲ. ಮನೆಯಲ್ಲಿ ಅಂಟಿಸಿಟ್ಟಿದ್ದವನ್ನೂ ಸೇರಿಸಿ, ಚೀಲ ಹಿಡಿದು ಸ್ವಾಮಿಯವರು ಬ್ಯಾಂಕಿನ ಸಾಲಿನಲ್ಲಿ ನಿಂತರು. ಸಾಲು ಆಮೆಗೆ ಚಿಕ್ಕಪ್ಪ. ಕೌಂಟರಿನಲ್ಲಿದ್ದವನು ಹೊಸಬ. ನೋಟಿನ ಕಂತೆ ನೋಡಿದ, ಸ್ವಾಮಿಯವರ ಮುಖ ನೋಡಿದ, ಮತ್ತೆ ಕಂತೆ ನೋಡಿದ.

"ಎಲ್ಲಿಂದ ಗುಡ್ಡೆ ಹಾಕ್ಕೊಂಡು ಬಂದ್ರಿ ಯಜಮಾನ್ರೆ? ಇದೇ ಕಸುಬೇನು?"

ಹಿಂದೆ ಯಾರೋ ನಕ್ಕರು. ತಾವು ಪೇಟೆ ಬೀದಿಯ ಸಾಹುಕಾರರು ಎಂದು ಒಂದು ಮಾತು ಹೇಳಿದ್ದರೆ ಒಳಗಿನಿಂದ ಕುರ್ಚಿ ಬರುತ್ತಿತ್ತು. ಸ್ವಾಮಿಯವರು ಹೇಳಲಿಲ್ಲ.

"ನಿಧಾನವಾಗಿ ಎಣಿಸಿ ಸ್ವಾಮಿ, ಕಾಯ್ತೀನಿ" ಎಂದರು. "ಮುಂದಿನ ಬುಧವಾರ ಇನ್ನಷ್ಟು ತರ್ತೀನಿ. ನಮ್ಮ ಅಂಗಡೀಲಿ ಈಗ ಎಲ್ಲರ ಹತ್ರಾನೂ ಈಸ್ಕೋತೀವಿ."