ಬಂದೆ, ಬಂದೆ ಎಂದ ಫೋನು

ನನ್ನ ತಂಗಿ ಕಮಲಮ್ಮ ತೀರಿಕೊಂಡ ಸುದ್ದಿ ತಿಳಿದ ಮಧ್ಯಾಹ್ನ ನನ್ನ ಬಾಡಿಗೆ ಜೀಪು ಸಕಲೇಶಪುರದ ನನ್ನ ಅಂಗಡಿಯ ಮುಂದೆಯೇ ನಿಂತಿತ್ತು. ಬೆಳಗಿನಿಂದ ಕರೆಂಟು ಇರಲಿಲ್ಲ. ಯಾರೂ ಕರೆಯಲಿಲ್ಲವೆಂದು ನಾನು ಜಪಮಣಿ ಹಿಡಿದು ಕೂತಿದ್ದೆ. ಆಸ್ಪತ್ರೆಯ ಜವಾನ ಜವರಪ್ಪ ಓಡಿಬಂದ.

"ಮಹಾದೇವಯ್ಯನೋರೆ, ನಿಮ್ ತಂಗೀಗೆ ಹಾವು ಕಚ್ಬುಟ್ಟೈತೆ. ಕರ್ಕಂಡ್ ಬರೋ ಹೊತ್ಗೆ ಹೋಗ್ಬುಟ್ಟಿದ್ರು."

ಆಸ್ಪತ್ರೆಯ ಜಗಲಿಯಲ್ಲಿ ಅವಳ ಗಂಡ ನಂಜುಂಡ ಕೂತಿದ್ದ.

"ಈಗ ಬಂದ್ಯಾ ಭಾವ?"

"ನಂಗ್ಯಾರು ಹೇಳಿದ್ರೋ?"

"ಅವ್ಳೇ ಫೋನ್ ಮಾಡಿದ್ಲಲ್ಲ! 'ಬಂದೆ ಬಂದೆ ಅಂದ ಅಣ್ಣ' ಅಂದ್ಲು. ನಮ್ಮೂರು ಹೊಂಗಡಹಳ್ಳದ ರಸ್ತೇಲಿ ಎರಡು ಗಂಟೆ ಕಾದ್ವಿ. ಹಾಲಿನ ವ್ಯಾನು ಬಂದು ನಿಂತ್ಕಂತು. 'ಹತ್ಕೊ' ಅಂದೆ. 'ಅಣ್ಣ ದಾರೀಲವ್ನೆ, ನಾವಿಲ್ದಿದ್ರೆ ಗಾಬ್ರಿಯಾಯ್ತಾನೆ' ಅಂತ ವ್ಯಾನ್ ಕಳಿಸ್ಬುಟ್ಲು."

ಅವಳ ಕರೆಯನ್ನು ನಾನು ಎತ್ತಿರಲೇ ಇಲ್ಲ.

ಹಳೆಯ ಫೋನಿಗೆ ಕರೆಂಟಿನ ಹಂಗಿರಲಿಲ್ಲ. ಮೂವತ್ತು ವರ್ಷ ಅದರಲ್ಲಿ ನಾನು "ಬಂದೆ, ಬಂದೆ" ಎಂದು ರಿಸೀವರ್ ಇಟ್ಟು ಕೀಲಿ ತೆಗೆದುಕೊಂಡು ಹೊರಡುತ್ತಿದ್ದೆ. ಆ ಮಾತು ಕೇಳಿದವರು ಬೇರೆ ಗಾಡಿ ಹುಡುಕುತ್ತಿರಲಿಲ್ಲ. ಎರಡು ತಿಂಗಳ ಹಿಂದೆ ಹಾಸನದ ಏಜೆಂಟ್ ಮಂಜುನಾಥ ಬಂದು ಅಂಗಡಿಯವರಿಗೆಲ್ಲ ಕರೆಂಟಿಲ್ಲದೆ ರಿಂಗಾಗದ ಇಂಟರ್ನೆಟ್ ಫೋನು ಮಾರಿದ. ಹಳೆಯ ನಂಬರಿನ ಕರೆಗಳೂ ಅದಕ್ಕೇ ತಿರುಗುತ್ತವೆ, ನೀವು ಎತ್ತದಿದ್ದರೆ ಯಂತ್ರವೇ ನಿಮ್ಮ ಧ್ವನಿಯಲ್ಲಿ ಉತ್ತರ ಕೊಡುತ್ತದೆ ಎಂದ.

"ದಿನಾ ಏನಂತೀರೋ ಅದನ್ನೇ ಹೇಳಿ ಸಾರ್."

"ಮಹಾದೇವಯ್ಯ ಕಣ್ರೀ. ಜೀಪು ತಾನೆ? ಬಂದೆ, ಬಂದೆ," ಎಂದೆ. ಅದನ್ನು ರೆಕಾರ್ಡ್ ಮಾಡಿ ಮರಳಿ ಕೇಳಿಸಿದ. ನನ್ನ ಧ್ವನಿ ಕೇಳಿ ನಾನೇ ಹಿಗ್ಗಿದೆ.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಮಂಜುನಾಥನನ್ನು ಕರೆಸಿದೆ. ಅವನು ಕಂಪ್ಯೂಟರಿನಲ್ಲಿ ನೋಡಿ ಬೆರಳಿಟ್ಟು ತೋರಿಸಿದ.

"ಹತ್ತೂ ಇಪ್ಪತ್ತಕ್ಕೆ ಹೊಂಗಡಹಳ್ಳದ ಕಾಲ್ ಬಂದಿದೆ ಸಾರ್. ನಿಮ್ಮಲ್ಲಿ ಕರೆಂಟ್ ಇಲ್ದಿದ್ರೂ ನಮ್ಮ ಯಂತ್ರ ಉತ್ತರ ಕೊಟ್ಟಿದೆ. ಒಂದು ಕಾಲೂ ತಪ್ಪಿಲ್ಲ ನೋಡಿ!"

"ಜೀಪು ತಪ್ತಲ್ಲೋ ಮಾರಾಯ."

"ಅದು ನಮ್ಮ ಸರ್ವೀಸಿಗೆ ಬರಲ್ಲ ಸಾರ್."

ಅವನ ಮುಖಕ್ಕೆ ಉಗಿಯಬೇಕೆನ್ನಿಸಿತು. ಆದರೆ ನನ್ನ ತಂಗಿಗೆ ಸುಳ್ಳು ಹೇಳಿದ್ದು ಅವನ ಬಾಯಲ್ಲ. ದಿನವೂ ಮುಂಜಾನೆ ಶಿವನಾಮ ನುಡಿಯುವ ಈ ನಾಲಿಗೆ.

ಆ ಫೋನಿನ ಡಬ್ಬಿಯನ್ನು ಕಿತ್ತು ಅವನ ಕೈಗೆ ಕೊಟ್ಟೆ. ಸಂಜೆ ಪಕ್ಕದ ಅಂಗಡಿಯಿಂದ ನನ್ನ ನಂಬರಿಗೇ ಫೋನು ಮಾಡಿ ನೋಡಿದೆ. ಎಲ್ಲೋ ದೂರದ ಯಂತ್ರದೊಳಗೆ ನಾನು ಇನ್ನೂ ಹುರುಪಿನಿಂದ ಹೇಳುತ್ತಿದ್ದೆ: "ಜೀಪು ತಾನೆ? ಬಂದೆ, ಬಂದೆ."

ಸಕಲೇಶ್ವರಾ, ನನ್ನ ಕಮಲಿ ಅಲ್ಲಿಯೂ ದಾರಿಯ ಬದಿಯಲ್ಲಿ ಕೂತು ನನಗಾಗಿ ಕಾಯದಿರಲಿ. ನೀನೇ ಬಂದು ಅವಳನ್ನು ಕರೆದುಕೋ. ಅವಳಿಗೆ ನೆಮ್ಮದಿ ಕೊಡು, ತಂದೆ.